ಅಂಗಡಿಯ ತಿಳಿವಳಿಕೆಗೆ ಬೆಲೆ ಕೊಡುವವರು ಯಾರು?



ಮನೆ ಕಟ್ಟಿಸುವವರಿಗೂ, ಹಳೆಯ ಬಾಗಿಲು ರಿಪೇರಿ ಮಾಡಿಸುವವರಿಗೂ, ಮರಗೆಲಸವನ್ನೇ ನಂಬಿದ ಆಚಾರಿಗಳಿಗೂ ಬೇಕಾದ ಸಾಮಾನು ಸಿಗುವ ಅಂಗಡಿಗಳು ನಮ್ಮ ಊರೂರಿನ ಪೇಟೆಗಳಲ್ಲಿವೆ. ಮೊಳೆ, ತಿರುಪು, ಹಿಂಜಸ್, ಚಿಲಕ, ಫೆವಿಕಾಲ್, ಉಪ್ಪುಕಾಗದ, ಉಳಿ, ಗರಗಸ ಒಂದು ಕಡೆ. ಪ್ಲೈವುಡ್, ಮೈಕಾ, ಹಲಗೆ, ರೀಪು ಇನ್ನೊಂದು ಕಡೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಇಂಥ ವ್ಯಾಪಾರಕ್ಕೆ ಹೆಸರಾದ ಜಾಗಗಳು. ಸಣ್ಣ ಊರುಗಳಲ್ಲಿ ಈ ಅಂಗಡಿಗಳು ಈಗ ಸೊರಗುತ್ತಿವೆ. ಉಳಿ, ಕೀಸುಳಿಯ ಬ್ಲೇಡು, ಬೈರಿಗೆ ಇಡುತ್ತಿದ್ದ ಅಂಗಡಿ ಪೇಂಟು, ಪೈಪು, ಬಲ್ಬು ಮಾರಿ ಕಾಲ ಹಾಕುತ್ತಿದೆ. ಸ್ವಲ್ಪ ಬೇರೆ ರೀತಿಯ ಸಾಮಾನು ಕೇಳಿದರೆ ‘ಆನ್‌ಲೈನ್‌ನಲ್ಲಿ ನೋಡಿ’ ಎಂಬ ಉತ್ತರ ಅಂಗಡಿಯವರ ಬಾಯಿಂದಲೇ ಬರುತ್ತದೆ. ಇದನ್ನು ಕಾಲಧರ್ಮ ಎಂದು ಬಿಟ್ಟುಬಿಡಬಹುದೇ? ಬಿಡಬಾರದು ಎಂಬುದು ನನ್ನ ವಾದ. ಈ ಅಂಗಡಿಗಳು ಸಾಮಾನಿನ ಜೊತೆಗೆ ಇನ್ನೊಂದನ್ನೂ ಕೊಡುತ್ತ ಬಂದಿವೆ: ಯಾವ ಕೆಲಸಕ್ಕೆ ಯಾವುದು ಒದಗುತ್ತದೆ ಎಂಬ ತಿಳಿವಳಿಕೆ. ಅದಕ್ಕೆಂದು ಅವು ಎಂದೂ ಬೇರೆ ಬಿಲ್ಲು ಹಾಕಿಲ್ಲ. ಸಾಮಾನಿನ ಲಾಭದಲ್ಲೇ ಅದರ ಖರ್ಚೂ ಹುಟ್ಟುತ್ತಿತ್ತು. ಸಾಮಾನಿನ ಮಾರಾಟ ಕೈತಪ್ಪಿದರೆ ತಿಳಿವಳಿಕೆಯೂ ಪೇಟೆ ಬಿಟ್ಟು ಹೋಗುತ್ತದೆ. ಅದರ ನಷ್ಟ ಅಂಗಡಿಯವನಿಗಿಂತ ಹೆಚ್ಚಾಗಿ ನಮಗೇ ತಟ್ಟುತ್ತದೆ.

ಈ ತಿಳಿವಳಿಕೆ ಎಂದರೆ ಏನು ಎಂಬುದನ್ನು ಒಂದು ಸಣ್ಣ ಸಾಮಾನಿನಲ್ಲಿ ನೋಡೋಣ. ಅಡುಗೆಮನೆಯ ಕಪಾಟಿಗೆ, ವಾರ್ಡ್‌ರೋಬಿಗೆ ಈಗ ಹಾಕುವುದು ಒಳಗಡೆ ಅಡಗಿ ಕೂರುವ ಆಟೋ ಹಿಂಜಸ್. ಬಾಗಿಲಿನ ಹಿಂಬದಿಯಲ್ಲಿ 35 ಮಿಲಿಮೀಟರ್ ಅಗಲದ ಗುಂಡನೆಯ ಕುಳಿ ತೋಡಿ ಅದರ ಬಟ್ಟಲನ್ನು ಕೂರಿಸುತ್ತಾರೆ. ಪರದೆಯ ಮೇಲೆ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಅವುಗಳ ತೋಳಿನ ಬಾಗು, ಅಂದರೆ ಕ್ರ್ಯಾಂಕ್, ಮಾತ್ರ ಬೇರೆ ಬೇರೆ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ ಸೊನ್ನೆ ಕ್ರ್ಯಾಂಕ್ ಬೇಕು. ಒಂದೇ ಹಲಗೆಗೆ ಎಡಬಲದಿಂದ ಎರಡು ಬಾಗಿಲು ಬಂದು ಅರ್ಧರ್ಧ ಮುಚ್ಚುವುದಾದರೆ 8 ಕ್ರ್ಯಾಂಕ್. ಬಾಗಿಲು ಚೌಕಟ್ಟಿನ ಒಳಗೇ ಕೂರುವುದಾದರೆ 15 ಅಥವಾ 16 ಕ್ರ್ಯಾಂಕ್. ಪಳಗಿದ ಅಂಗಡಿಯವರು ‘ಆಚಾರ್ರೇ, ಬಾಗಿಲು ಪೂರ್ತಿ ಕೂರುತ್ತಾ, ಅರ್ಧ ಕೂರುತ್ತಾ, ಒಳಗೆ ಕೂರುತ್ತಾ?’ ಎಂದು ಕೇಳದೆ ಡಬ್ಬಿಯನ್ನೇ ತೆಗೆಯುವುದಿಲ್ಲ. ಆ ಒಂದು ಪ್ರಶ್ನೆ ಕೇಳುವವರಿಲ್ಲದೆ ಸೊನ್ನೆಯ ಬದಲು ಹದಿನೈದು ಬಂದರೆ ಬಾಗಿಲು ಸರಿಯಾಗಿ ಕೂರುವುದೇ ಇಲ್ಲ. ಹಿಂದಿರುಗಿಸಿ ಹಣ ಪಡೆಯಬಹುದು, ನಿಜ. ಆದರೆ ಸರಿಯಾದದ್ದು ಬರುವ ತನಕ ಕೆಲಸ ನಿಲ್ಲುತ್ತದೆ. ಆಚಾರಿಯ ದಿನಗೂಲಿಯನ್ನು ಯಾರೂ ವಾಪಸು ಕೊಡುವುದಿಲ್ಲ. ಇದೇ ಅಂಗಡಿ ಹನ್ನೆರಡು ತಿರುಪು ಬೇಕೆಂದರೆ ಹನ್ನೆರಡನ್ನೇ ಎಣಿಸಿ ಕೊಡುತ್ತದೆ; ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆಯನ್ನು ಅಳತೆಗೆ ಕೊಯ್ದು ಕೊಡುವ ಅಂಗಡಿಗಳೂ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಗುರುತಿನ ಆಚಾರಿಗೆ ಉದ್ರಿ ಕೊಡುತ್ತದೆ. ಮನೆಯ ಯಜಮಾನರು ಹಣ ಕೊಟ್ಟ ದಿನ ಆತ ಲೆಕ್ಕ ಚುಕ್ತಾ ಮಾಡುತ್ತಾನೆ. ಕೈಯಲ್ಲಿ ಬಂಡವಾಳವಿಲ್ಲದ ಕೆಲಸಗಾರ ದೊಡ್ಡ ಕೆಲಸ ಒಪ್ಪಿಕೊಳ್ಳಲು ಸಾಧ್ಯವಾಗಿರುವುದು ಈ ಉದ್ರಿ ಪುಸ್ತಕದ ಬಲದಿಂದ.

ಹಿಂಜಸ್ಸಿನ ಮಾತು ಹೀಗಾದರೆ ಮರದ ಮಾತು ಇನ್ನೂ ಸೂಕ್ಷ್ಮ. ಬಾಗಿಲು, ಚೌಕಟ್ಟಿಗೆಂದು ನಮ್ಮವರು ಬಹುಕಾಲ ಹುಡುಕುತ್ತಿದ್ದುದು ಬರ್ಮಾ ತೇಗ. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದೇಶ ಮರದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಘಾನಾದಂಥ ಆಫ್ರಿಕದ ದೇಶಗಳಿಂದ, ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬರುವ ನೆಡುತೋಪಿನ ತೇಗಕ್ಕೆ ಬೇಡಿಕೆ ಹೆಚ್ಚಿತು. ಹೆಸರು ತೇಗವೇ ಆದರೂ ಗುಣ ಒಂದೇ ಅಲ್ಲ. ಎಳೆಯ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಭಾಗ ಹೆಚ್ಚು. ಆ ಬಿಳಿ ಭಾಗಕ್ಕೆ ಹುಳು, ಗೆದ್ದಲು ಬೇಗ ಬೀಳುತ್ತವೆ. ಹಲಗೆಯ ತುದಿಯನ್ನು ನೋಡಿ, ಎತ್ತಿ ತೂಕ ಅಂದಾಜು ಮಾಡಿ, ಎಳೆ ಓಡಿರುವ ದಿಕ್ಕು ಗಮನಿಸಿ, ಗಂಟು ಎಲ್ಲಿದೆಯೆಂದು ಸವರಿ ನೋಡಿದವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಾಗುತ್ತದೆ. ಮರದೊಳಗಿನ ನೀರಿನಂಶ ಇನ್ನೊಂದು ಸಂಗತಿ. ಮರ ಕಡಿದ ಮೇಲೂ ಗಾಳಿಯ ತೇವಕ್ಕೆ ತಕ್ಕಂತೆ ಉಬ್ಬುತ್ತದೆ, ಕುಗ್ಗುತ್ತದೆ. ಮರದ ನೀರಿನಂಶ ಎಷ್ಟಿರಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 287 ಇದೇ ಕಾರಣಕ್ಕೆ ದೇಶವನ್ನು ಹವೆಯ ಆಧಾರದ ಮೇಲೆ ವಲಯಗಳಾಗಿ ವಿಂಗಡಿಸಿದೆ. ಕರ್ನಾಟಕ ಒಂದರಲ್ಲೇ ವಿಜಯಪುರದ ಒಣಹವೆ ಬೇರೆ, ಮಂಗಳೂರಿನ ಆಷಾಢದ ಹವೆ ಬೇರೆ. ಒಂದು ಕಡೆ ಸರಿಯಾಗಿ ಕೂತ ಬಾಗಿಲು ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ ಅಥವಾ ಸಂದು ಬಿಡುತ್ತದೆ. ಕರಾವಳಿಯ ಮರದ ವ್ಯಾಪಾರಿ ಮಳೆಗಾಲದಲ್ಲಿ ‘ಇದು ಇನ್ನೂ ಆರಬೇಕು, ಈಗ ಬೇಡ’ ಎಂದು ಹೇಳಬಲ್ಲ. ದೇಶಕ್ಕೆಲ್ಲ ಒಂದೇ ವಿವರಣೆ ಬರೆದು ಮಾರುವ ಜಾಲತಾಣಕ್ಕೆ ಆ ಊರಿನ ಮಳೆ ಗೊತ್ತಿಲ್ಲ.

ಅಂಗಡಿಗಳು ಸೊರಗುತ್ತಿರುವುದಕ್ಕೆ ಆನ್‌ಲೈನ್ ವ್ಯಾಪಾರವೊಂದೇ ಕಾರಣ ಎಂದರೆ ಅದು ಸತ್ಯಕ್ಕೆ ದೂರವಾದ ಮಾತು. 1996ರ ಡಿಸೆಂಬರ್ 12ರಂದು ಟಿ.ಎನ್. ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಕಾಡಿನ ಮರ ಕಡಿಯುವುದಕ್ಕೂ ಸಾಮಿಲ್ಲುಗಳಿಗೂ ಬಿಗಿಯಾದ ಕಟ್ಟುಪಾಡು ಬಂತು. ಕಾಡು ಉಳಿಯಬೇಕಾದರೆ ಅದು ಬೇಕೇ ಆಗಿದ್ದ ಕ್ರಮ. ಆದರೆ ಮರದ ವ್ಯಾಪಾರ ಅಲ್ಲಿಂದಲೇ ಕಿರಿದಾಯಿತು. ಮರದ ಕಿಟಕಿಯ ಜಾಗಕ್ಕೆ ಅಲ್ಯೂಮಿನಿಯಂ, ಯುಪಿವಿಸಿ ಬಂದವು. ಕಾರ್ಖಾನೆಯಲ್ಲೇ ತಯಾರಾದ ಫ್ಲಶ್ ಡೋರ್, ಮಾಡ್ಯುಲರ್ ಅಡುಗೆಮನೆ ಬಂದು ಆಚಾರಿಯ ಕೆಲಸವನ್ನು ಜೋಡಿಸುವ ಕೆಲಸಕ್ಕೆ ಇಳಿಸಿದವು. 2012ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅರ್ಬನ್ ಲ್ಯಾಡರ್, 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾ ಮಳಿಗೆ ಪೇಟೆಯವರಿಗೆ ಸಿದ್ಧ ಪೀಠೋಪಕರಣದ ರುಚಿ ಹತ್ತಿಸಿದವು. ಹಳೆ ಪೇಟೆಗಳಲ್ಲಿ ಬಾಡಿಗೆ ಏರಿತು, ಲಾರಿ ನಿಲ್ಲಿಸಲು ಜಾಗವಿಲ್ಲವಾಯಿತು, ಓದಿದ ಮಕ್ಕಳು ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಒಪ್ಪಲಿಲ್ಲ. ಇಷ್ಟೆಲ್ಲ ಹೊಡೆತಗಳ ನಡುವೆಯೂ ಅಂಗಡಿಗಳು ನಿಂತಿದ್ದವು. ಹಾಗಿದ್ದರೆ ಆನ್‌ಲೈನ್ ವ್ಯಾಪಾರ ಮಾಡಿದ್ದು ಏನು? ಅದು ಅಂಗಡಿಯ ಲೆಕ್ಕದ ಒಳಗಿನ ಹೊಂದಾಣಿಕೆಯನ್ನೇ ಮುರಿಯಿತು. ನನ್ನ ವಾದದ ತಿರುಳು ಇದು.

ಮರಗೆಲಸದ ಅಂಗಡಿಯಲ್ಲಿ ಎರಡು ಬಗೆಯ ಸಾಮಾನು ಇರುತ್ತದೆ. ಮರ, ಪ್ಲೈವುಡ್ ಭಾರದವು. ಜಾಗ ತಿನ್ನುತ್ತವೆ, ಬಂಡವಾಳ ಹಿಡಿದಿಡುತ್ತವೆ, ಇಳಿಸಲು ಏರಿಸಲು ಆಳು ಬೇಕು, ಹೆಚ್ಚಿನ ಪಾಲು ಉದ್ರಿಯಲ್ಲೇ ಹೋಗುತ್ತವೆ. ಬೀಗ, ಹಿಡಿಕೆ, ಡ್ರಿಲ್ ಬಿಟ್ಟು, ಉಳಿ, ಕೈಯಂತ್ರಗಳು ಹಗುರದವು; ಒಂದು ಬೀರುವಿನಲ್ಲಿ ನೂರು ಹಿಡಿಸುತ್ತವೆ, ಕೈಗೆ ನಗದು ತರುತ್ತವೆ. ಎರಡನೆಯದರ ಲಾಭ ಮೊದಲನೆಯದರ ಭಾರವನ್ನು ಹೊರುತ್ತಿತ್ತು. ಕೊರಿಯರ್‌ನಲ್ಲಿ ಕಳಿಸಲು ಅಗ್ಗವಾದದ್ದು ಯಾವುದು? ಇದೇ ಎರಡನೆಯ ಬಗೆ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಮಾರಿದ್ದು ಪುಸ್ತಕ. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂತು. ಮುಂದಿನ ವರ್ಷಗಳಲ್ಲಿ ಡ್ರಿಲ್ ಮೆಷಿನ್ನಿನಿಂದ ಹಿಡಿದು ಮೊಳೆಯ ತನಕ ಎಲ್ಲವೂ ಫೋನಿನೊಳಗೆ ಬಂದವು. ಎಂಟಡಿಯ ಹಲಗೆಯನ್ನು ಮನೆ ಬಾಗಿಲಿಗೆ ತಂದುಕೊಡುವ ಕಷ್ಟದ ವ್ಯಾಪಾರ ಬಹುಪಾಲು ಊರಿನ ಅಂಗಡಿಗೇ ಉಳಿಯಿತು. ಕಣದಲ್ಲಿ ಕಾಳನ್ನು ಒಬ್ಬರು ತುಂಬಿಕೊಂಡು ಹೊಟ್ಟನ್ನು ಇನ್ನೊಬ್ಬರಿಗೆ ಬಿಟ್ಟ ಹಾಗೆ ಇದು. ಅರ್ಥಶಾಸ್ತ್ರಕ್ಕೆ ಇದು ಹೊಸ ಸಂಗತಿಯೂ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಲೆಸ್ಟರ್ ಟೆಲ್ಸರ್ 1960ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನೇ ವಿವರಿಸಿದರು. ಒಂದು ಅಂಗಡಿ ಸಾಮಾನು ತೋರಿಸಿ, ವಿವರಿಸಿ, ಕಲಿಸಿ ಕೊಡುತ್ತದೆ. ಗಿರಾಕಿ ಅಲ್ಲಿ ಎಲ್ಲ ತಿಳಿದುಕೊಂಡು, ವಿವರಿಸುವ ಖರ್ಚೇ ಇಲ್ಲದ ಇನ್ನೊಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳುತ್ತಾನೆ. ಹೀಗೇ ಮುಂದುವರಿದರೆ ವಿವರಿಸುವ ಅಂಗಡಿ ವಿವರಿಸುವುದನ್ನು ನಿಲ್ಲಿಸುತ್ತದೆ, ಕೊನೆಗೆ ಆ ಸೇವೆ ಯಾರಿಗೂ ಸಿಗುವುದಿಲ್ಲ. ಆಗ ಅದು ಎರಡು ಬೀದಿಗಳ ನಡುವಿನ ಮಾತಾಗಿತ್ತು. ಈಗ ಅಂಗಡಿಯ ಮುಂದೆ ನಿಂತೇ ಹಿಂಜಸ್ಸಿನ ಫೋಟೋ ತೆಗೆದು ಫೋನಿನಲ್ಲಿ ಬೆಲೆ ಹೋಲಿಸಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಿರಾಕಿಯ ಹಿತದ್ದು. ಅಗ್ಗಕ್ಕೆ ಸಿಗುವುದನ್ನು ಬಿಟ್ಟು ದುಬಾರಿಯದನ್ನು ಕೊಳ್ಳಿ ಎನ್ನುವುದು ಯಾವ ನ್ಯಾಯ? ಇದರಲ್ಲಿ ತೂಕವಿದೆ. ಆನ್‌ಲೈನ್ ವ್ಯಾಪಾರ ಮರಗೆಲಸಕ್ಕೆ ಮಾಡಿರುವ ಉಪಕಾರವನ್ನು ಮರೆಮಾಚಬಾರದು. ಒಳ್ಳೆಯ ಉಕ್ಕಿನ ಉಳಿ, ಎಳೆದರೆ ಕೊಯ್ಯುವ ಜಪಾನಿ ಗರಗಸ, ರೂಟರ್ ಬಿಟ್ಟು, ನಾನಾ ಅಳತೆಯ ಕ್ಲ್ಯಾಂಪುಗಳು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವುದು ದುರ್ಲಭ. ಈಗ ಹಳ್ಳಿಯ ಆಚಾರಿಯೂ, ಹವ್ಯಾಸಕ್ಕೆ ಮರಗೆಲಸ ಕಲಿಯುವ ಶಿಕ್ಷಕರೂ ಅವನ್ನು ತರಿಸಿಕೊಳ್ಳಬಹುದು. ಗಂಡಸರೇ ತುಂಬಿರುವ ಅಂಗಡಿಯಲ್ಲಿ ಗಂಭೀರವಾದ ಉತ್ತರ ಸಿಗದೆ ಹಿಂಜರಿಯುವ ಹೆಣ್ಣುಮಕ್ಕಳಿಗೂ ಇದು ದಾರಿ ತೆರೆದಿದೆ. ಇವೆಲ್ಲ ನಿಜವಾದ ಲಾಭ, ಉಳಿಯಬೇಕಾದ ಲಾಭ. ಆದರೆ ಬೆಲೆಯ ಹೋಲಿಕೆ ಮಾಡುವಾಗ ಲೆಕ್ಕ ಪೂರ್ತಿ ಇರಬೇಕು. ಎಂಟು ತಿರುಪು ಬೇಕಾದಲ್ಲಿ ನೂರರ ಡಬ್ಬಿ ಕೊಂಡರೆ ಒಂದೊಂದರ ಬೆಲೆ ಕಡಿಮೆ, ಕೈಬಿಟ್ಟ ಹಣ ಹೆಚ್ಚು. ತಪ್ಪು ಅಳತೆ ಬಂದು ಕೆಲಸ ನಿಂತ ದಿನದ ಕೂಲಿ, ಉದ್ರಿಯಿಲ್ಲದೆ ಮುಂಗಡ ಕೊಡಬೇಕಾದ ಕೆಲಸಗಾರನ ಬಡ್ಡಿ, ಇವೂ ಸಾಮಾನಿನ ಬೆಲೆಯ ಭಾಗಗಳೇ. ಇವನ್ನೆಲ್ಲ ಕೂಡಿಸಿದ ಮೇಲೂ ಕೆಲವು ಸಾಮಾನು ಆನ್‌ಲೈನ್‌ನಲ್ಲೇ ಅಗ್ಗವಾದರೆ ಅಲ್ಲಿಯೇ ಕೊಳ್ಳಲಿ. ಅದಕ್ಕೆ ನನ್ನ ತಕರಾರಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದದ್ದು. ಊರಿನ ಅಂಗಡಿಗಳೇನು ಪ್ರಾಮಾಣಿಕವೇ ಎಂದು ಕೇಳುವವರಿದ್ದಾರೆ. ಅವರ ಸಿಟ್ಟಿಗೆ ಕಾರಣವಿದೆ. ಪ್ಲೈವುಡ್, ಮೈಕಾ ವ್ಯಾಪಾರದಲ್ಲಿ ಗಿರಾಕಿಯನ್ನು ಕರೆತಂದ ಆಚಾರಿಗೆ, ಗುತ್ತಿಗೆದಾರನಿಗೆ ಕಮಿಷನ್ ಕೊಡುವ ಪದ್ಧತಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ಹಣ ಕೊನೆಗೆ ಮನೆಯ ಯಜಮಾನನ ಬಿಲ್ಲಿನಲ್ಲೇ ಸೇರಿರುತ್ತದೆ. 19 ಎಂಎಂ ಎಂದು ಹೇಳಿ ಅದಕ್ಕಿಂತ ತೆಳುವಾದ ಹಾಳೆ ಕೊಡುವವರಿದ್ದಾರೆ, ಬಿಲ್ಲಿಲ್ಲದೆ ಮಾರುವವರಿದ್ದಾರೆ, ನೀರು ತಾಗುವ ಜಾಗಕ್ಕೂ ಅಗ್ಗದ ಪ್ಲೈ ಸಾಗಿಸುವವರಿದ್ದಾರೆ. ಇವನ್ನು ಸಮರ್ಥಿಸುವ ಅಗತ್ಯವೂ ಇಲ್ಲ, ಸಾಧ್ಯವೂ ಇಲ್ಲ. ಆದರೆ ಮೋಸಕ್ಕೆ ಮದ್ದು ಅಂಗಡಿ ಮುಚ್ಚುವುದರಲ್ಲಿಲ್ಲ, ಅಳೆಯುವುದರಲ್ಲಿದೆ. ಸಾಮಾನ್ಯ ಪ್ಲೈವುಡ್‌ಗೆ ಐಎಸ್ 303, ಮರೈನ್ ಪ್ಲೈವುಡ್‌ಗೆ ಐಎಸ್ 710 ಎಂಬ ಮಾನಕಗಳಿವೆ. ಮರೈನ್ ಪ್ಲೈ ಎನಿಸಿಕೊಳ್ಳಬೇಕಾದರೆ ಅದರ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಾಳಬೇಕು. ಹಾಳೆಯ ಮೇಲಿನ ಐಎಸ್‌ಐ ಗುರುತು ನೋಡಿ, ಅಳತೆಪಟ್ಟಿ ಇಟ್ಟು ದಪ್ಪ ನೋಡಿ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಂಡರೆ ಮೋಸಕ್ಕೆ ಜಾಗ ಕಡಿಮೆ. ಮರದ ಜಾತಿಯ ಬಗ್ಗೆ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮರದ ತುಣುಕನ್ನು ಪರೀಕ್ಷಿಸಿ ಜಾತಿ ಹೇಳುತ್ತಾರೆ. ಎದುರಿಗೆ ಸಿಗುವ ಅಂಗಡಿಯವನಿಗೆ ಇನ್ನೊಂದು ಅಂಕುಶವೂ ಇದೆ: ಆತ ನಾಳೆಯೂ ಅದೇ ಬೀದಿಯಲ್ಲಿ ಇರಬೇಕು. ಕೆಟ್ಟ ಹೆಸರು ಬಂದರೆ ಊರಿನ ಆಚಾರಿಗಳೆಲ್ಲ ಒಂದೇ ಸಲ ಬೇರೆ ಅಂಗಡಿಗೆ ತಿರುಗುತ್ತಾರೆ. ಜಾಲತಾಣದಲ್ಲಿ ಹೆಸರು ಬದಲಾಯಿಸಿಕೊಂಡು ಮತ್ತೆ ಬರುವ ಮಾರಾಟಗಾರನಿಗೆ ಆ ಭಯವಿಲ್ಲ.

ಮೂರನೆಯ ಆಕ್ಷೇಪ ಕಿರಿಯರದ್ದು. ತಿಳಿವಳಿಕೆ ಈಗ ವಿಡಿಯೋದಲ್ಲಿ ಪುಕ್ಕಟೆ ಸಿಗುತ್ತದೆ, ಅಂಗಡಿಯವನ ಮಾತು ಯಾಕೆ ಬೇಕು ಎನ್ನುತ್ತಾರೆ. ಕೀಸುಳಿಯ ಬ್ಲೇಡು ಮಸೆಯುವುದು, ಕೀಲು ಕೂರಿಸುವುದು, ಪಾಲಿಶ್ ಹಚ್ಚುವುದು, ಇಂಥ ಕಸುಬಿನ ಕ್ರಮಗಳನ್ನು ವಿಡಿಯೋ ಚೆನ್ನಾಗಿಯೇ ಕಲಿಸುತ್ತದೆ. ಅದರಿಂದ ಎಷ್ಟೋ ಜನ ಉಪಕರಣ ಹಿಡಿಯುವ ಧೈರ್ಯ ಮಾಡಿದ್ದಾರೆ. ಆದರೆ ವಿಡಿಯೋ ಹೇಳುವುದು ಮರ ಎಂಬ ಜಾತಿಯ ಬಗ್ಗೆ. ನಿಮ್ಮ ಎದುರಿಗಿರುವ ಹಲಗೆಯ ಬಗ್ಗೆ ಅದು ಏನೂ ಹೇಳಲಾರದು. ಅಮೆರಿಕದವರು ಓಕ್, ವಾಲ್‌ನಟ್ ಮರ ಹಿಡಿದು ಮಾಡಿದ ಪಾಠವನ್ನು ನಮ್ಮ ಹಲಸಿಗೆ, ಮತ್ತಿಗೆ, ಹೊನ್ನೆಗೆ, ಸಿಲ್ವರ್ ಓಕಿಗೆ ಹೊಂದಿಸಿಕೊಳ್ಳಲು ಅವುಗಳ ಜೊತೆ ಒಡನಾಡಿದವರೇ ಬೇಕು. ಚನ್ನಪಟ್ಟಣದ ಬೊಂಬೆಗಳನ್ನೇ ನೋಡಿ. ಆ ಬೊಂಬೆ ಹುಟ್ಟುವುದು ಹಾಲೆ ಮರದಿಂದ. ಮರವನ್ನು ತಿಂಗಳುಗಟ್ಟಲೆ ಆರಿಸಬೇಕು, ಲೇತ್‌ನಲ್ಲಿ ತಿರುಗಿಸಿ ರೂಪ ಕೊಡಬೇಕು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಆ ತಿಕ್ಕಾಟದ ಬಿಸಿಗೆ ಕರಗಿದ ಬಣ್ಣವನ್ನು ಗರಿಯಿಂದ ಉಜ್ಜಿ ಹೊಳಪು ತರಬೇಕು. ಹದವಾದ ಹಾಲೆ ಮರವನ್ನು ಆರಿಸುವವರು, ಅರಗಿನ ಕಡ್ಡಿ ಸಿದ್ಧಮಾಡುವವರು ಆ ಊರಿನ ಸುತ್ತಲೇ ಇದ್ದುದರಿಂದ ಆ ಕಲೆ ಉಳಿದಿದೆ, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದಿದೆ. ಸಿದ್ಧವಾದ ಬೊಂಬೆಯನ್ನು ಆನ್‌ಲೈನ್‌ನಲ್ಲಿ ಜಗತ್ತಿಗೆಲ್ಲ ಮಾರಬಹುದು, ಮಾರುತ್ತಲೂ ಇದ್ದಾರೆ. ಅದನ್ನು ಮಾಡಲು ಬೇಕಾದ ಮರ, ಅರಗುಗಳ ಪೂರೈಕೆ ಊರಿನ ಸುತ್ತ ಕಳಚಿಬಿದ್ದರೆ ಮಾರಲು ಬೊಂಬೆಯೇ ಇರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅಂಗಡಿಯವರು ಮೊದಲು ತಮ್ಮ ತಿಳಿವಳಿಕೆಗೆ ತಾವೇ ಬೆಲೆ ಕಟ್ಟಬೇಕು. ಹಾಳೆ ಕೊಯ್ದು ಕೊಡಲು ಇಷ್ಟು, ಬ್ಲೇಡು ಮಸೆದು ಕೊಡಲು ಇಷ್ಟು, ಮನೆಗೆ ಬಂದು ಅಳತೆ ನೋಡಿ ಪಟ್ಟಿ ಬರೆದುಕೊಡಲು ಇಷ್ಟು ಎಂದು ದರ ಬರೆದು ಗೋಡೆಗೆ ಹಾಕಲಿ. ಕಮಿಷನ್ ಗುಟ್ಟಾಗಿ ಕೊಡುವ ಬದಲು ಆಚಾರಿಯ ಆಯ್ಕೆಯ ಕೂಲಿ ಎಂದು ಬಿಲ್ಲಿನಲ್ಲೇ ತೋರಿಸಲಿ. ನಂಬಿಕೆ ಬೆಳೆಯುವುದು ಹಾಗೆ. ಆನ್‌ಲೈನ್ ಮಾರಾಟವನ್ನು ಅವರು ತಾವೂ ಬಳಸಿಕೊಳ್ಳಬಹುದು. ಸಣ್ಣ ವ್ಯಾಪಾರಿ ಜಾಲತಾಣದಲ್ಲಿ ಮಾರಬೇಕಾದರೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಮಾರಾಟಕ್ಕೆ, ಕೆಲವು ಷರತ್ತುಗಳ ಮೇಲೆ, ಮಿತಿಯೊಳಗಿನ ಸಣ್ಣ ವ್ಯಾಪಾರಿಗಳಿಗೆ ಆ ಕಟ್ಟುಪಾಡು ಸಡಿಲವಾಗಿದೆ. ಹತ್ತಾರು ಅಂಗಡಿಗಳು ಕೂಡಿ ಒಂದೇ ದಾಸ್ತಾನಿನ ಪಟ್ಟಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಪಡೆದು ಅದೇ ದಿನ ಸಾಮಾನು ತಲುಪಿಸಿದರೆ ಎರಡು ದಿನ ಕಾಯಿಸುವ ಕೊರಿಯರ್ ಅವರಿಗೆ ಸಾಟಿಯಾಗದು. ಸರ್ಕಾರದ ಪಾತ್ರವೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿಯದೂ ಒಂದು. ಉಪಕರಣಕ್ಕೆಂದು 15,000 ರೂಪಾಯಿ ತನಕ ನೆರವು ಅದರಲ್ಲಿದೆ. ಅಂಥ ನೆರವನ್ನು ಆಚಾರಿ ತನ್ನ ಊರಿನ ನೋಂದಾಯಿತ ಅಂಗಡಿಗೆ ಹೋಗಿ, ಉಳಿಯನ್ನು ಕೈಯಲ್ಲಿ ಹಿಡಿದು ನೋಡಿ, ಒಪ್ಪಿಗೆಯಾದದ್ದನ್ನು ಆರಿಸಿಕೊಂಡು ಬಳಸುವ ಹಾಗಿರಬೇಕು. ಆಗ ಒಂದೇ ಹಣ ಕೆಲಸಗಾರನಿಗೂ ಅಂಗಡಿಗೂ ಬಲ ಕೊಡುತ್ತದೆ. ಸರ್ಕಾರ ಮಾರುಕಟ್ಟೆಯಲ್ಲಿ ಕೈಹಾಕಬಾರದು ಎನ್ನುವವರಿಗೆ ಫ್ರಾನ್ಸಿನ ಉದಾಹರಣೆ ಇದೆ. ಊರಿನ ಪುಸ್ತಕದಂಗಡಿಗಳು ಉಳಿಯಲೆಂದು ಆ ದೇಶ, 35 ಯೂರೋಗಿಂತ ಕಡಿಮೆ ಮೊತ್ತದ ಹೊಸ ಪುಸ್ತಕಗಳನ್ನು ಮನೆಗೆ ಕಳಿಸಿದರೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ಪಡೆಯಲೇಬೇಕೆಂಬ ನಿಯಮವನ್ನು 2023ರ ಅಕ್ಟೋಬರ್‌ನಿಂದ ಜಾರಿಗೆ ತಂದಿತು. ಅದೇ ನಿಯಮ ನಮಗೂ ಬೇಕೆಂದು ನಾನು ಹೇಳುತ್ತಿಲ್ಲ. ತನಗೆ ಬೇಕಾದ ಅಂಗಡಿ ಯಾವುದು ಎಂದು ಒಂದು ಸಮಾಜ ಯೋಚಿಸಿ ತೀರ್ಮಾನಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಉಳಿದದ್ದು ಗಿರಾಕಿಗಳಾದ ನಮ್ಮ ಪಾಲು. ಅದು ದೊಡ್ಡ ತ್ಯಾಗವೇನೂ ಬೇಡುವುದಿಲ್ಲ. ಸಲಹೆ ಎಲ್ಲಿ ಪಡೆದೆವೋ ಸಾಮಾನನ್ನೂ ಅಲ್ಲಿಯೇ ಕೊಳ್ಳುವುದು. ಊರಿನಲ್ಲಿ ಸಿಗದ್ದನ್ನು ಆನ್‌ಲೈನ್‌ನಲ್ಲಿ ತರಿಸುವುದು. ಬಿಲ್ಲು ಕೇಳುವುದು, ದಪ್ಪ ಅಳೆಯುವುದು, ಒಳ್ಳೆಯ ಅಂಗಡಿಯ ಹೆಸರನ್ನು ನಾಲ್ಕು ಜನರಿಗೆ ಹೇಳುವುದು. ಮರಗೆಲಸ ಕೈಯಿಂದ ಕೈಗೆ ಬಂದ ವಿದ್ಯೆ. ಆ ಕೈಗಳಿಗೆ ಬೇಕಾದ ಮರ, ಉಕ್ಕು, ಉದ್ರಿ, ಸಲಹೆ ಇವು ನಾಲ್ಕೂ ಒಂದೇ ಕಡೆ ಸಿಗುವ ಜಾಗ ಊರಿನಲ್ಲಿರುವ ತನಕ ಆ ವಿದ್ಯೆಗೂ ಊರಿನಲ್ಲಿ ನೆಲೆಯಿದೆ. ಅಂಥ ಅಂಗಡಿ ಒಮ್ಮೆ ಮುಚ್ಚಿದರೆ ಅದರಲ್ಲಿದ್ದ ಸಾಮಾನನ್ನು ಬೇರೆಲ್ಲಿಂದಾದರೂ ತರಿಸಬಹುದು. ಮೂವತ್ತು ನಲವತ್ತು ವರ್ಷ ಮರ ಮುಟ್ಟಿ ಬಲಿತ ತೀರ್ಮಾನಶಕ್ತಿಯನ್ನು ಯಾವ ವಿಳಾಸದಿಂದಲೂ ತರಿಸಲಾಗದು. ಆದ್ದರಿಂದ ಆ ತಿಳಿವಳಿಕೆ ಇರುವಾಗಲೇ ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ಕೊಡೋಣ.